ಜಗಲಿಯಂಚಿನ ಮಗು

ಜೂನ್ 11, ಸಂಜೆ 5.20. ಹೊರಗೆ ಜಿಟಿಜಿಟಿ ಮಳೆ. ಒಳಗೆ ಹದಿಮೂರು ಮಕ್ಕಳು. ಕಿಟಕಿ ಬದಿಯ ಮೂಲೆಯಲ್ಲಿ ಒಂಬತ್ತು ಹತ್ತು ವರ್ಷದ ಮೂವರು ಹುಡುಗಿಯರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದುಕೊಂಡು ಕೂತಿದ್ದಾರೆ. ಅವರಿಂದ ಒಂದು ಮಾರು ದೂರದಲ್ಲಿ ಎರಡೂವರೆ ವರ್ಷದ ಒಂದು ಮಗು. ಹಳದಿ ಅಂಗಿ, ಕೈಯಲ್ಲಿ ನೀರಿನ ಬಾಟಲಿಯ ಮುಚ್ಚಳ. ನಿಂತಿದೆ.

5.24. ಇನ್ನೂ ನಿಂತಿದೆ.

5.31. ಕೂತಿದೆ, ಅದೇ ಜಾಗದಲ್ಲಿ. ಕವಡೆ ನೆಲಕ್ಕೆ ಬಿದ್ದಾಗಲೆಲ್ಲ ಅದರ ಹುಬ್ಬು ಮೇಲೇಳುತ್ತದೆ.

5.40. ಗೋಡೆಗೆ ಬೆನ್ನು ಒರಗಿಸಿಕೊಂಡೇ ಒಂದು ಗೇಣು ಮುಂದಕ್ಕೆ ಜರುಗಿದೆ.

5.52. ಮುಚ್ಚಳವನ್ನು ನೆಲಕ್ಕೆ ಎಸೆಯಿತು. ಬೋರಲು ಬಿತ್ತು. ಮಗು ತಲೆಯೆತ್ತಿ ಹುಡುಗಿಯರ ಮುಖ ನೋಡಿತು. ಯಾರೂ ಇತ್ತ ನೋಡಲಿಲ್ಲ. ಹೆಕ್ಕಿಕೊಂಡು ಮತ್ತೆ ಎಸೆಯಿತು.

ಇಷ್ಟನ್ನು ಬರೆದುಕೊಂಡದ್ದು ನನ್ನ ಹಕ್ಕಿ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ, ಭಾನುವಾರಗಳನ್ನೆಲ್ಲ ಕೆರೆ ಏರಿಗಳ ಮೇಲೆ ಕಳೆದವಳು ನಾನು. ನಿವೃತ್ತಿಯಾಗಿ ಮಗನ ಜೊತೆ ಬೆಂಗಳೂರಿನ ದಕ್ಷಿಣದ ಅಂಚಿನ ಈ ಅಪಾರ್ಟ್‌ಮೆಂಟಿಗೆ ಬಂದ ಮೇಲೆ, ಕೆಳಮಹಡಿಯ ಮಕ್ಕಳ ಕೋಣೆಯನ್ನು ಹೊಸದಾಗಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಸೋಸಿಯೇಷನ್ನಿನವರ ಕೈಯಲ್ಲಿ ಆಗಲೇ ಒಂದು ಕೊಟೇಷನ್ ಇತ್ತು: ಬಣ್ಣದ ಫೋಮು, ಪ್ಲಾಸ್ಟಿಕ್ ಜಾರುಬಂಡೆ, ಕೋಣೆಯ ನಡುವೆ ಬೇಲಿ. ಬೇಲಿಯ ಈಚೆ ಮೂರು ವರ್ಷದೊಳಗಿನವರು, ಆಚೆ ಉಳಿದವರು. ನಾನು ಒಂದು ಮಳೆಗಾಲದ ಸಮಯ ಕೇಳಿದೆ. ಮಳೆ ಬಂದಾಗಲೇ ಮಕ್ಕಳು ಒಳಗೆ ಸೇರುವುದು. ಯಾರು ಎಲ್ಲಿ ಕೂರುತ್ತಾರೆ, ಎಲ್ಲಿಂದ ಏಳುತ್ತಾರೆ ಎಂದು ನೋಡದೆ ಒಂದು ಮೊಳೆಯನ್ನೂ ಹೊಡೆಯಬಾರದು ಎಂದೆ. ಒಪ್ಪಿದರು.

ನೋಡುವುದಕ್ಕೂ ಒಂದು ಶಿಸ್ತಿದೆ. ಸುಮ್ಮನೆ ಕೂತರೆ ಕಣ್ಣು ಗಲಾಟೆ ಮಾಡುವವರ ಮೇಲೇ ಹೋಗುತ್ತದೆ. ಕೆರೆಯಲ್ಲಿ ರೆಕ್ಕೆ ಬಡಿಯುವ ಹಕ್ಕಿ ಮಾತ್ರ ಕಂಡು, ಕೆಸರಿನ ಬಣ್ಣದ್ದೇ ಆದ ಗೊರವ ಕಾಣದೆ ಹೋಗುವ ಹಾಗೆ. ಆಫ್ರಿಕದ ಅಂಬೊಸೆಲಿಯಲ್ಲಿ ಬಬೂನ್ ಕೋತಿಗಳನ್ನು ನೋಡಿದ ಜೀನ್ ಆಲ್ಟ್‌ಮನ್ 1974ರಲ್ಲಿ ಬರೆದ ಒಂದು ಪ್ರಬಂಧ ಈ ವಿಷಯದಲ್ಲಿ ನಮಗೆಲ್ಲ ಪಾಠವಾಗಿತ್ತು. ಕಣ್ಣಿಗೆ ಬಿದ್ದದ್ದನ್ನಷ್ಟೇ ಬರೆದುಕೊಂಡರೆ ಲೆಕ್ಕ ಓರೆಯಾಗುತ್ತದೆ. ಗಡಿಯಾರ ಹೇಳಿದ ಹೊತ್ತಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಲ್ಲರನ್ನೂ ನೋಡುತ್ತ ಹೋಗಬೇಕು, ಸುಮ್ಮನಿರುವವರನ್ನೂ ಬಿಡದೆ. ಹತ್ತು ನಿಮಿಷಕ್ಕೊಮ್ಮೆ ಹಾಗೆ ಮಾಡಿದೆ. ಮೊದಲ ವಾರ ಮಕ್ಕಳು ನನ್ನನ್ನೇ ನೋಡಲು ಬಂದರು. “ಅಜ್ಜಿ, ಏನ್ ಬರೀತಿದೀರ?” “ಅಜ್ಜಿ, ನನ್ ಹೆಸ್ರೂ ಬರೀರಿ.” ಮೂರನೆಯ ವಾರಕ್ಕೆ ನಾನು ಅಲ್ಲಿನ ಕುರ್ಚಿಯಂತಾದೆ. ಒಬ್ಬ ಹುಡುಗ ನನ್ನ ಮೊಣಕಾಲಿನ ಮೇಲೆ ಕಾರು ಓಡಿಸಿಕೊಂಡು ಹೋದ, ಮುಖ ಕೂಡ ನೋಡಲಿಲ್ಲ.

ಕೋಣೆ 28 ಅಡಿ ಉದ್ದ, 18 ಅಡಿ ಅಗಲ. ಬಾಗಿಲು ಉದ್ದನೆಯ ಗೋಡೆಯ ನಡುವೆ. ಎದುರಿಗೆ ಎರಡು ಕಿಟಕಿ. ದಿನವೂ ಮನೆಗೆ ಬಂದು, ಅಳತೆ ಹಾಕಿದ ಹಾಳೆಯ ಮೇಲೆ ಪ್ರತಿ ಮಗುವಿಗೂ ಒಂದು ಚುಕ್ಕೆ ಇಟ್ಟೆ. ಕೆಂಪು ಚುಕ್ಕೆ ಮೂರರ ಕೆಳಗಿನವರು, ನೀಲಿ ಮೂರರಿಂದ ಏಳು, ಕಪ್ಪು ಅದಕ್ಕೂ ಮೇಲಿನವರು. ಎರಡು ವಾರಕ್ಕೆ ಹಾಳೆಯೇ ಮಾತಾಡತೊಡಗಿತು. ಕೋಣೆಯ ನಟ್ಟನಡುವೆ, ಕೊಟೇಷನ್ನಿನವರು ಜಾರುಬಂಡೆ ತೋರಿಸಿದ್ದ ಜಾಗದಲ್ಲಿ, ಹೆಚ್ಚುಕಡಿಮೆ ಏನೂ ಇರಲಿಲ್ಲ. ಅದು ಓಡಾಡುವ ದಾರಿ. ಕಪ್ಪು ಚುಕ್ಕೆಗಳು ಮೂಲೆಗಳಲ್ಲಿ ಗಟ್ಟಿಯಾಗಿದ್ದವು. ನೀಲಿ ಎಲ್ಲೆಂದರಲ್ಲಿ ಚೆಲ್ಲಿತ್ತು. ನಾನು ಹಾಳೆಯನ್ನು ಬಹಳ ಹೊತ್ತು ಹಿಡಿದು ಕೂತದ್ದು ಕೆಂಪು ಚುಕ್ಕೆಗಳಿಗಾಗಿ. ಪುಟ್ಟವರಿಗೆಂದೇ ಇಟ್ಟಿದ್ದ ಮೆತ್ತನೆಯ ಚಾಪೆಯ ಮೇಲೆ ಕೆಲವು ಇದ್ದವು, ನಿಜ. ಆದರೆ ಹೆಚ್ಚಿನವು ಕಪ್ಪು ಗುಂಪುಗಳ ಸುತ್ತ, ಒಂದು ಮಾರು ಬಿಟ್ಟು, ಉಂಗುರದ ಹಾಗೆ ನಿಂತಿದ್ದವು.

ಹಳದಿ ಅಂಗಿಯದು ಒಂದೇ ಮಗುವಿನ ಸ್ವಭಾವವಲ್ಲ ಎಂದು ಆಗ ತಿಳಿಯಿತು.

ಮಕ್ಕಳ ಆಟವನ್ನು ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ವಿಂಗಡಿಸಿದ್ದರು: ಒಂಟಿಯಾಗಿ ಆಡುವುದು, ಪಕ್ಕಪಕ್ಕ ಕೂತು ತಮ್ಮಷ್ಟಕ್ಕೆ ಆಡುವುದು, ಕೂಡಿ ಆಡುವುದು, ಹೀಗೆ. ಆ ಪಟ್ಟಿಯಲ್ಲಿ ನೋಡುತ್ತ ನಿಲ್ಲುವ ಮಗುವಿಗೂ ಒಂದು ಸ್ಥಾನವಿದೆ. ಆದರೆ ನಾವು ಕೋಣೆ ಕಟ್ಟುವಾಗ ನೋಡುವ ಮಗುವಿಗೆ ಜಾಗ ಇಡುವುದಿಲ್ಲ. ಅದು ಸುಮ್ಮನಿದೆ, ಬೇಸರವಾಗಿರಬೇಕು ಎಂದು ಎತ್ತಿಕೊಂಡು ಹೋಗಿ ಜಾರುಬಂಡೆಯ ಮೇಲೆ ಕೂರಿಸುತ್ತೇವೆ. ಜೂನ್ 17ರಂದು ಹಳದಿ ಅಂಗಿಯನ್ನು ನೋಡಿಕೊಳ್ಳುವ ಆಯಾ ಹಾಗೆ ಮಾಡಿದಳು, ಪ್ರೀತಿಯಿಂದಲೇ. ಮಗು ಕೋಣೆಯಲ್ಲಿದ್ದ ಹಳೆಯ ಜಾರುಬಂಡೆಯಲ್ಲಿ ಒಮ್ಮೆ ಜಾರಿ, ಇಳಿದು, ನೆಟ್ಟಗೆ ತನ್ನ ಗೋಡೆಗೇ ಹೋಯಿತು.

ಕೆರೆಯ ಮಾತು ಇಲ್ಲಿ ಹೇಳಬೇಕು.

ನಮ್ಮ ಕಡೆಯ ಹಳೆಯ ಕೆರೆಗಳಿಗೆ ಒಂದು ಬದಿ ಏರಿ, ಉಳಿದ ಬದಿಗಳಲ್ಲಿ ನೆಲ ನಿಧಾನಕ್ಕೆ ಇಳಿಯುತ್ತ ನೀರಾಗುತ್ತದೆ. ಕೆಸರಿನಲ್ಲಿ ಟಿಟ್ಟಿಭ ಓಡಾಡುತ್ತದೆ. ಕಾಲು ನೆನೆಯುವಷ್ಟು ನೀರಿನಲ್ಲಿ ಗದ್ದೆಗೊರವ. ಇನ್ನೂ ಒಂದು ಗೇಣು ಆಳಕ್ಕೆ ಮೆಟ್ಟುಗಾಲು ಹಕ್ಕಿ ತನ್ನ ಕೆಂಪು ಕಾಲುಗಳ ಮೇಲೆ. ಅದರಾಚೆ ನೀರುಕಾಗೆ, ಹೆಜ್ಜಾರ್ಲೆ. ಒಬ್ಬರನ್ನೊಬ್ಬರು ದೂರವಿಡಲು ನಡುವೆ ಬೇಲಿಯಿಲ್ಲ. ಕಾಲಿನ ಉದ್ದವೇ ಯಾರು ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ. ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಗಿಡುಗ ಬಂದಾಗ ಒಬ್ಬರು ಕೂಗಿದರೆ ಎಲ್ಲರೂ ಏಳುತ್ತಾರೆ. ಬೆಂಗಳೂರಿನ ಎಷ್ಟೋ ಕೆರೆಗಳನ್ನು ಅಭಿವೃದ್ಧಿ ಮಾಡುವಾಗ ಹೂಳೆತ್ತಿ, ಸುತ್ತ ಕಡಿದಾಗಿ ಕಲ್ಲು ಕಟ್ಟಿ, ಸೂಪಿನ ಬಟ್ಟಲಿನ ಹಾಗೆ ಮಾಡಿಬಿಟ್ಟರು. ನೀರು ತುಂಬ ನಿಂತಿತು. ಆದರೆ ನಿಲ್ಲಲು ತಳವಿಲ್ಲದೆ ಗಿಡ್ಡ ಕಾಲಿನವು ಹೋದವು. ದಡವೇ ಇಲ್ಲದ ಕೆರೆಯಲ್ಲಿ ಈಜುವ ಹಕ್ಕಿ ಮಾತ್ರ ಉಳಿಯುತ್ತದೆ.

ನಡುವೆ ಬೇಲಿ ಹಾಕಿದ ಮಕ್ಕಳ ಕೋಣೆಯೂ ಹಾಗೇ, ದಡ ಕಳೆದುಕೊಂಡ ಕೆರೆ.

ಜೂನ್ 26, ಸಂಜೆ 6.05. ಒಂದೂವರೆ ವರ್ಷದ ಹೆಣ್ಣುಮಗು ಗೋಲಿಯೊಂದನ್ನು ಬಾಯಿಗೆ ಹಾಕಿಕೊಂಡಿತು. ಕೋಣೆಯಲ್ಲಿ ನಾಲ್ವರು ದೊಡ್ಡವರಿದ್ದೆವು, ನನ್ನನ್ನೂ ಸೇರಿಸಿ. ನಾನು ಆಗ ಎದುರು ಮೂಲೆಯ ಚುಕ್ಕೆ ಎಣಿಸುತ್ತಿದ್ದೆ. ಯಾರೂ ನೋಡಲಿಲ್ಲ. ನೋಡಿದ್ದು ಚೌಕಾಬಾರದ ಹುಡುಗಿಯರಲ್ಲಿ ಹಿರಿಯಳು. ಕೈಯಲ್ಲಿದ್ದ ಕವಡೆ ಚೆಲ್ಲಿ ಓಡಿ, ಎರಡು ಬೆರಳಲ್ಲಿ ಕೆನ್ನೆ ಒತ್ತಿದಳು. ಹಲ್ಲಿನ ನಡುವೆ ಕಾಣುತ್ತಿದ್ದ ಗೋಲಿ ನೆಲಕ್ಕೆ ಬಿತ್ತು. “ಉಗಿ, ಪುಟ್ಟಿ, ಉಗಿ” ಅನ್ನುತ್ತಿದ್ದಳು, ಗೋಲಿ ಬಿದ್ದ ಮೇಲೂ. ಆಮೇಲೆ ಅವಳ ಕೈ ನಡುಗಿದ್ದನ್ನು ನಾನು ನೋಡಿದೆ.

ಮೂರು ದಿನದಲ್ಲಿ ಬಾಗಿಲಿಗೆ ಬೋರ್ಡು ಬಂತು. ಎಂಟು ವರ್ಷ ಮೇಲ್ಪಟ್ಟವರಿಗೆ ಪ್ರವೇಶವಿಲ್ಲ. ಗೋಲಿ, ಕವಡೆ, ಮಣಿ ತರುವಂತಿಲ್ಲ. ತಾಯಂದಿರ ಭಯ ನನಗೂ ಅರ್ಥವಾಗುತ್ತದೆ. ನಾನೂ ಮಗ, ಮೊಮ್ಮಗಳು ಇರುವವಳು. ಆದರೆ ಆ ಬೋರ್ಡು ಗೋಲಿಯ ಜೊತೆಗೆ ಗೋಲಿಯನ್ನು ಕಂಡ ಕಣ್ಣನ್ನೂ ಆಚೆ ಹಾಕಿತು. ಇದನ್ನು ಸಭೆಯಲ್ಲಿ ಹೇಳಿದೆ. ಈಗ ಬೇಡ ಮೇಡಂ ಎಂದರು. ಹಾಗಾಗಿ ಜುಲೈ ಆಗಸ್ಟ್ ಎರಡು ತಿಂಗಳು ನಾನು ಕೇಳದೇ ಒದಗಿದ ಪ್ರಯೋಗವೊಂದನ್ನು ನೋಡುತ್ತ ಕೂತೆ.

ಜುಲೈ 8. ಕೋಣೆಯಲ್ಲಿ ಒಂಬತ್ತು ಮಕ್ಕಳು, ಎಲ್ಲ ಏಳರ ಕೆಳಗಿನವರು. ಸದ್ದು ಕಡಿಮೆ. ಜುಲೈ 15. ಒಂದೇ ಡಂಪರ್ ಲಾರಿಗೆ ಮೂರು ವರ್ಷದ ಇಬ್ಬರ ಜಗಳ, ಅರ್ಧ ಗಂಟೆಯಲ್ಲಿ ನಾಲ್ಕು ಸಲ, ನಾಲ್ಕು ಸಲವೂ ದೊಡ್ಡವರು ಬಿಡಿಸಬೇಕಾಯಿತು. ಜುಲೈ 22. ಹಳದಿ ಅಂಗಿ (ಇವತ್ತು ನೀಲಿ ಅಂಗಿ, ಆದರೆ ನನ್ನ ಪುಸ್ತಕದಲ್ಲಿ ಅದು ಹಳದಿಯೇ) ಕಿಟಕಿಯ ಮೂಲೆಗೆ ಹೋಗಿ ಕೂತಿತು. ಅಲ್ಲಿ ಯಾರೂ ಇಲ್ಲ. ನೆಲದಲ್ಲಿ ಸೀಮೆಸುಣ್ಣದ ಮಸುಕು ಗೆರೆ ಇದೆ. ಮಗು ಬೆರಳಲ್ಲಿ ಗೆರೆ ತಿದ್ದಿತು. ಐದು ನಿಮಿಷದ ಮೇಲೆ ಎದ್ದು ಆಯಾಳ ಮೊಬೈಲು ಕೇಳಿತು.

ದೊಡ್ಡ ಮಕ್ಕಳು ಎಲ್ಲಿಗೆ ಹೋದರು ಎಂದು ಹುಡುಕಿದೆ. ಬೆಂಕಿ ಅನಾಹುತಕ್ಕೆಂದು ಇರುವ ಹಿಂದಿನ ಮೆಟ್ಟಿಲಿನಲ್ಲಿ, ಎರಡನೆಯ ಮಹಡಿ ಮೂರನೆಯ ಮಹಡಿಯ ನಡುವೆ, ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಫೋನು.

ನಾನು ಬೆಳೆದದ್ದು ಮೈಸೂರಿನ ಅಗ್ರಹಾರದ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ, ನಡುವೆ ಅಂಗಳ, ಮನೆಮನೆಗೂ ಮುಂದೆ ಜಗಲಿ. ಮಕ್ಕಳಿಗೆಂದು ಅಲ್ಲಿ ಯಾರೂ ಏನನ್ನೂ ಕಟ್ಟಿರಲಿಲ್ಲ. ಆದರೂ ಅಂಗಳದಲ್ಲಿ ಲಗೋರಿ ಆಡುವವರಿಗೆ ಅಂಗಳ ಸಾಕಾಗುತ್ತಿತ್ತು. ಅಳಗುಳಿ ಮಣೆಯವರಿಗೆ ಜಗಲಿಯ ಒಳಮೂಲೆ. ಅಂಬೆಗಾಲಿನವಕ್ಕೆ ಹೊಸ್ತಿಲ ಒಳಗೆ. ನಡೆಯಲು ಬಂದ ಮಗು ಜಗಲಿಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂರುತ್ತಿತ್ತು. ಆ ಜಗಲಿಯ ಎತ್ತರ ನೆನಪಿದೆ: ಕೂತರೆ ನನ್ನ ಪಾದ ನೆಲಕ್ಕೆ ತಾಗದ ವರ್ಷವೊಂದಿತ್ತು, ತಾಗಿದ ವರ್ಷವೊಂದು ಬಂತು. ಕಾಲು ನೆಲಕ್ಕೆ ತಾಗಿದ ಮೇಲೆ ಯಾರೂ ಹೇಳದೆಯೇ ಇಳಿದು ಆಟ ಸೇರಿದೆ. ದೊಡ್ಡವರು ನನ್ನನ್ನು ಸೇರಿಸಿಕೊಂಡದ್ದು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು. ಈ ಮಾತನ್ನು ನಾವು ಈಗ ಅವಮಾನಕ್ಕೆ ಬಳಸುತ್ತೇವೆ, ಕಚೇರಿಯಲ್ಲಿ, ರಾಜಕೀಯದಲ್ಲಿ. ಅಂಗಳದಲ್ಲಿ ಅದು ಅವಮಾನವಾಗಿರಲಿಲ್ಲ. ಔಟಾದರೂ ಔಟಲ್ಲ, ಮುಟ್ಟಿದರೂ ಕಳ್ಳನಲ್ಲ, ಓಡು, ಕಿರುಚು, ನೋಡಿ ಕಲಿ. ಸಣ್ಣವರಿಗೆ ಸೋಲಿನ ಭಾರ ಹೊರಿಸದೆ ಆಟದ ಒಳಗಿಟ್ಟುಕೊಳ್ಳುವ ಉಪಾಯವನ್ನು ಕಂಡುಹಿಡಿದವರು ಮಕ್ಕಳೇ. ಕೋತಿಮರಿಗಳು ಗುದ್ದಾಡುವಾಗಲೂ ಇಂಥದೊಂದನ್ನು ನೋಡಬಹುದು. ದೊಡ್ಡ ಮರಿ ತನ್ನ ಬಲ ತಗ್ಗಿಸಿ, ಬೇಕೆಂದೇ ಅಂಗಾತ ಬಿದ್ದು ಚಿಕ್ಕದಕ್ಕೆ ಮೇಲೇರಲು ಬಿಡುತ್ತದೆ. ಬಿಡದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ.

ವಠಾರವನ್ನು ಚಿನ್ನದ ಬಣ್ಣದಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿಯೊಬ್ಬಳ ಸೊಂಟದ ಮೇಲೆ ಸದಾ ಒಂದು ತಮ್ಮನೋ ತಂಗಿಯೋ ಇರುತ್ತಿತ್ತು. ಅವಳು ಲಗೋರಿ ಆಡಿದ್ದನ್ನು ನಾನು ನೋಡಿಲ್ಲ. ಎಲ್ಲ ವಯಸ್ಸಿನವರೂ ಒಟ್ಟಿಗಿರಲಿ ಎನ್ನುವವರು ಮೊದಲು ಅವಳನ್ನು ನೆನೆಯಬೇಕು. ಗೋಲಿ ತೆಗೆದ ಹುಡುಗಿಯನ್ನು ಹೊಗಳುವುದು ಸುಲಭ. ಹೊಗಳುತ್ತ ಹೊಗಳುತ್ತ ಅವಳನ್ನು ಸಂಬಳವಿಲ್ಲದ ಆಯಾ ಮಾಡಿಬಿಡುವುದೂ ಅಷ್ಟೇ ಸುಲಭ. ಹಾಗಾಗಿ ನನ್ನ ಲೆಕ್ಕದಲ್ಲಿ ಕೋಣೆ ಎರಡು ಕೆಲಸ ಮಾಡಬೇಕಿತ್ತು: ಪುಟ್ಟವರಿಗೆ ದೊಡ್ಡವರ ಆಟ ಕಾಣಬೇಕು, ದೊಡ್ಡವರ ಆಟ ಪುಟ್ಟವರ ಕೈಗೆ ಸಿಕ್ಕಿ ಕೆಡಬಾರದು.

ಮನೆಗಳು ಕೂಡಿ ಮಕ್ಕಳನ್ನು ಬೆಳೆಸುವ ಆಸೆ ನಮ್ಮದೊಂದೇ ಅಲ್ಲ. ಡೆನ್ಮಾರ್ಕಿನಲ್ಲಿ ಬೋದಿಲ್ ಗ್ರೋ ಎಂಬ ಲೇಖಕಿ 1967ರಲ್ಲಿ ಪತ್ರಿಕೆಯೊಂದರಲ್ಲಿ, ಮಕ್ಕಳಿಗೆ ನೂರು ಮಂದಿ ತಂದೆತಾಯಿ ಇರಬೇಕು ಎಂದು ಬರೆದರು. ಅದನ್ನೋದಿದ ಕುಟುಂಬಗಳು ಒಟ್ಟುಗೂಡಿ, 1972ರ ಹೊತ್ತಿಗೆ ಸೆಟ್ಟೆಡಾಮ್ಮೆನ್ ಎಂಬ ಕಡೆ ಇಪ್ಪತ್ತೇಳು ಮನೆಗಳ ಸಮೂಹ ಎದ್ದಿತು. ಪ್ರತಿ ಕುಟುಂಬಕ್ಕೆ ತನ್ನ ಮನೆ, ಎಲ್ಲರಿಗೂ ಸೇರಿ ಒಂದು ಸಾಮಾನ್ಯ ಮನೆ. ಆ ಮಾದರಿಯನ್ನು ಮುಂದೆ ಎಷ್ಟೋ ದೇಶಗಳು ಅನುಸರಿಸಿದವು. ಅದೇ ದೇಶದ ಭೂದೃಶ್ಯ ವಿನ್ಯಾಸಕಾರ ಸೋರೆನ್ಸೆನ್, ತಾನು ಚೆಂದವಾಗಿ ರೂಪಿಸಿದ ಆಟದ ಬಯಲುಗಳನ್ನು ಬಿಟ್ಟು ಮಕ್ಕಳು ಮನೆ ಕಟ್ಟುವ ಕಡೆ ಬಿದ್ದಿರುವ ಹಲಗೆ ಇಟ್ಟಿಗೆಗಳಲ್ಲಿ ಆಡುವುದನ್ನು ಗಮನಿಸಿದರು. 1943ರಲ್ಲಿ, ಯುದ್ಧದ ನಡುವೆ, ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಹಳೆಯ ಸಾಮಾನುಗಳದೇ ಒಂದು ಆಟದ ಬಯಲು ತೆರೆಯಿತು. ತಾನು ಮಾಡಿದ್ದನ್ನು ಬಿಟ್ಟು ಮಕ್ಕಳು ಎಲ್ಲಿಗೆ ಹೋದರೆಂದು ಹಿಂದೆ ಹೋಗಿ ನೋಡಿದವರು ಅವರು. ನನಗೆ ಅದರಲ್ಲಿ ಹೆಚ್ಚು ಇಷ್ಟವಾದದ್ದು ಆ ನಡಿಗೆ.

ಆಗಸ್ಟಿನಲ್ಲಿ ಒಂದು ಬೆಳಗ್ಗೆ, ಕೋಣೆ ಖಾಲಿ ಇದ್ದಾಗ, ಟೇಪು ಹಿಡಿದು ಅಂಬೆಗಾಲಿನಲ್ಲಿ ತಿರುಗಿದೆ. ನನ್ನ ಮೊಣಕಾಲಿಗೆ ಅದು ಒಪ್ಪಿಗೆಯಾಗಲಿಲ್ಲ, ಆದರೂ ಪೂರ್ತಿ ಸುತ್ತಿದೆ. ಒಂದು ವರ್ಷದ ಮಗು ನಿಂತರೆ ತಲೆ ಸುಮಾರು 75 ಸೆಂಟಿಮೀಟರಿಗೆ ಬರುತ್ತದೆ. ನಮ್ಮ ಕಿಟಕಿಯ ಕೆಳಅಂಚು 90. ಕೋಣೆಗೆ ಎರಡು ಕಿಟಕಿ ಇದ್ದರೂ ಪುಟ್ಟವರ ಪಾಲಿಗೆ ಒಂದೂ ಇರಲಿಲ್ಲ. ಅವರು ನೋಡುತ್ತಿದ್ದದ್ದು ಗೋಡೆಯ ಕೆಳಭಾಗದ ಬೂದು ಬಣ್ಣ, ಸ್ವಿಚ್ಚಿಲ್ಲದ ಪ್ಲಗ್ಗು, ದೊಡ್ಡವರ ಮಂಡಿ. ಇನ್ನು ಸದ್ದು. ನಯವಾದ ಟೈಲ್ಸು, ಬೋಳು ಗೋಡೆ. ಒಂದು ಮರದ ತುಂಡು ಬಿದ್ದರೆ ಕೋಣೆಯೆಲ್ಲ ಕಿವಿಗೆ ಬಡಿಯುತ್ತಿತ್ತು. ಕೈಕಾಲಲ್ಲಿ ನಿಂತು ಕೇಳಿದಾಗ ಅದು ಇನ್ನೂ ಜೋರು. ಅಂಬೆಗಾಲಿನ ಮಕ್ಕಳು ಬಾಗಿಲ ಕಡೆಗೇ ಹೋಗುತ್ತಿದ್ದದ್ದು ಆಗ ಅರ್ಥವಾಯಿತು.

ಸೆಪ್ಟೆಂಬರಿನ ಸಭೆಗೆ ನಾನು ಚುಕ್ಕೆಯ ಹಾಳೆಗಳನ್ನು ಒಯ್ದೆ. ಜೂನಿನದೊಂದು, ಆಗಸ್ಟಿನದೊಂದು, ಪಕ್ಕಪಕ್ಕ ಇಟ್ಟೆ. ಮಾತು ಹೆಚ್ಚು ಬೇಕಾಗಲಿಲ್ಲ. ಗೋಲಿ ಬಾಯಿಗೆ ಹಾಕಿಕೊಂಡ ಮಗುವಿನ ತಾಯಿಯೇ ಮೊದಲು ಕೇಳಿದರು, “ಹಾಗಾದ್ರೆ ಬೇಲಿ ಬದಲು ಏನು ಮೇಡಂ?”

ಎತ್ತರ, ಎಂದೆ.

ಕಿಟಕಿಯ ಬದಿಗೆ, ಉದ್ದಕ್ಕೂ, ಮರದ ಜಗಲಿ. ಒಂದೇ ಮಟ್ಟದ್ದಲ್ಲ, ಕೆರೆದಡದ ಹಾಗೆ ಮೂರು ಹಂತ. ಮೊದಲನೆಯದು ನೆಲದಿಂದ 15 ಸೆಂಟಿಮೀಟರು, ತೆವಳುವ ಮಗುವೂ ಹತ್ತಿ ಇಳಿಯುವಷ್ಟು. ಎರಡನೆಯದು 35. ಅಲ್ಲಿ ನಿಂತರೆ ಎರಡು ವರ್ಷದವರ ಕಣ್ಣು ಕಿಟಕಿಯ ಅಂಚಿನಿಂದ ಮೇಲೆ ಬರುತ್ತದೆ. ಸಂಪಿಗೆ ಮರ, ಕಾಂಪೌಂಡು, ಹಾಲಿನ ವ್ಯಾನು ಎಲ್ಲ ಕಾಣುತ್ತದೆ. ಮೂರನೆಯದು ಬಲಮೂಲೆಯಲ್ಲಿ ಮಾತ್ರ, 60 ಸೆಂಟಿಮೀಟರು, ಸುತ್ತ ಮರದ ಕಟಾಂಜನ, ಒಂದು ಪುಟ್ಟ ಗೇಟು. ಗೇಟಿನ ಚಿಲಕ ಒಳಬದಿಗೆ, ಮೇಲಿನಿಂದ ಕೈ ಬಗ್ಗಿಸಿ ತೆಗೆಯುವಂಥದ್ದು. ಐದಾರು ವರ್ಷದವರಿಗೆ ಎಟುಕುತ್ತದೆ, ಮೂರರವರಿಗೆ ಇಲ್ಲ. ಕವಡೆ, ಹುಣಸೆ ಬೀಜ, ಮಣಿ, ಲೆಗೊ ಎಲ್ಲ ಅಲ್ಲಿ. ಆಟದ ಸಾಮಾನು ಪರೀಕ್ಷಿಸುವವರ ಬಳಿ ಒಂದು ಸಣ್ಣ ಕೊಳವೆ ಇರುತ್ತದೆ, ಬಾಯಿಯ ಅಗಲ 31.7 ಮಿಲಿಮೀಟರು. ಅದರೊಳಗೆ ಪೂರ್ತಿ ಇಳಿದದ್ದು ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು. ಚೌಕಾಬಾರದ ಕವಡೆ ಆರಾಮಾಗಿ ಇಳಿಯುತ್ತದೆ. ಅವು ಉರುಳಿ ಕೆಳಗೆ ಬೀಳದಂತೆ ಮೇಲಿನ ಹಂತದ ಹಲಗೆಗೆ ಸುತ್ತ ಎರಡು ಬೆರಳೆತ್ತರ ಅಂಚು ಕಟ್ಟಿಸಿದೆ. ಕಟಾಂಜನದ ಕಡ್ಡಿಗಳ ನಡುವೆ 8 ಸೆಂಟಿಮೀಟರಿಗಿಂತ ಕಡಿಮೆ. 9ರಿಂದ 23ರವರೆಗಿನ ಸಂದು ಅಪಾಯ, ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಬಡಗಿ ಇದನ್ನೆಲ್ಲ ಕೇಳಿಸಿಕೊಂಡು, “ಅಮ್ಮಾ, ಕಡ್ಡಿ ದುಂಡಗೇ ಇರ್ಲಿ, ಮಕ್ಕಳು ಹಲ್ಲು ಊರ್ತವೆ” ಎಂದ. ಅವನ ಮನೆಯಲ್ಲೂ ಒಂದು ಮಗು ಇರಬೇಕು. ಕಡ್ಡಿಗಳೆಲ್ಲ ದುಂಡಗಾದವು.

ಜಗಲಿಯ ಕೆಳಗೆ ಟೊಳ್ಳು ಬಿಟ್ಟೆವು. ನಾಲ್ಕರಿಂದ ಆರು ವರ್ಷದವರು ಜೂನಿನಿಂದಲೂ ನನ್ನ ಕುರ್ಚಿಯ ಹಿಂದೆ, ಪರದೆಯ ಹಿಂದೆ, ಮೇಜಿನ ಕೆಳಗೆ ನುಸುಳುತ್ತಿದ್ದರು. ಅವರಿಗೆ ಬಿಲ ಬೇಕು. ಹೊಲದ ಇಲಿ ತೋಡಿದ ಬಿಲಕ್ಕೂ ತಪ್ಪಿಸಿಕೊಳ್ಳಲು ಇನ್ನೊಂದು ಬಾಯಿ ಇರುತ್ತದೆ. ನಮ್ಮದಕ್ಕೂ ಎರಡು ಬಾಯಿ. ಒಂದೇ ಇದ್ದರೆ ಬಾಗಿಲಲ್ಲಿ ನಿಂತವನೇ ರಾಜನಾಗುತ್ತಾನೆ, ಒಳಗಿನವನು ಅಳುತ್ತಾನೆ. ಇಷ್ಟು ಯೋಚಿಸಿಯೂ ಒಂದು ತಪ್ಪು ಮಾಡಿದೆ. ಬಿಲ ತೀರ ಕತ್ತಲಾಯಿತು. ಮೊದಲ ಹತ್ತು ದಿನ ಯಾರೂ ಒಳಹೋಗಲಿಲ್ಲ. ಬಡಗಿಯನ್ನು ಮತ್ತೆ ಕರೆಸಿ ಮುಂಭಾಗದ ಹಲಗೆಗೆ ಬೆರಳಗಲದ ಸೀಳುಗಳನ್ನು ಕೊರೆಸಿದೆ. ಅವತ್ತೇ ಸಂಜೆ ಒಳಗಿನಿಂದ ಎಂಟು ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ಕತ್ತಲು ಅಷ್ಟೇ ಅವರಿಗೆ ಸಾಕಾಗಿರಲಿಲ್ಲ. ತಾವು ಕಾಣದೆ ಆಚೆಯದು ಕಾಣಬೇಕಿತ್ತು.

ನೆಲಕ್ಕೆ ಎಡಬದಿ ದಪ್ಪ ಜಮಖಾನ, ಜಗಲಿಯ ಮುಂದೆ ರಬ್ಬರು ಹಾಸು, ಗೋಡೆಗೆ ತೆಂಗಿನ ನಾರಿನ ಚಾಪೆ. ಸದ್ದು ಇಳಿಯಿತು. ಎಳೆಯರ ಜಾಗವನ್ನು ಬಾಗಿಲಿಂದ ದೂರ, ಎಡಮೂಲೆಗೆ ಸರಿಸಿದೆವು. ದೊಡ್ಡವರ ಬೆಂಚು ಅಲ್ಲೇ, ಎಳೆಯರ ಪಕ್ಕದಲ್ಲಿ. ಎತ್ತರದ ಹಂತದ ಹತ್ತಿರ ಕುರ್ಚಿ ಇಡಬಾರದೆಂದು ನಾನು ಹಟ ಹಿಡಿದೆ. ದೊಡ್ಡವರ ನೆರಳು ಬಿದ್ದ ಕಡೆ ಹತ್ತು ವರ್ಷದವರ ಆಟ ಬಾಡುತ್ತದೆ. ಇದನ್ನು ಜೂನಿನಲ್ಲಿ ಎಷ್ಟು ಸಲ ನೋಡಿದೆನೋ. ಆಟದ ಸಾಮಾನಿಗೆ ಇಟ್ಟ ದುಡ್ಡಿನಲ್ಲಿ ಅರ್ಧ ಉಳಿಯಿತು. ಚನ್ನಪಟ್ಟಣದಿಂದ ಆಲೆ ಮರದ ದೊಡ್ಡ ತುಂಡುಗಳು, ಅರಗಿನ ಬಣ್ಣದವು, ಒಂದು ಬುಟ್ಟಿ. ಉಳಿದಂತೆ ಹಳೆಯ ಸೀರೆ, ಕರಟ, ರಟ್ಟಿನ ಪೆಟ್ಟಿಗೆ. ಮಗುವಿನ ಕೈ ಹೇಗೆ ಬೇಕಾದರೂ ಬದಲಿಸಬಹುದಾದ ಬಿಡಿ ವಸ್ತುಗಳಿಂದಲೇ ಕಲ್ಪನೆ ಕೆಲಸ ಮಾಡುತ್ತದೆ ಎಂದು ಸೈಮನ್ ನಿಕೋಲ್ಸನ್ 1971ರಲ್ಲಿ ವಾದಿಸಿದ್ದರು. ನಮ್ಮಲ್ಲಿ ಯಾರದೋ ಮನೆಗೆ ಬಂದ ಫ್ರಿಜ್ಜಿನ ಪೆಟ್ಟಿಗೆ ಆ ವಾದವನ್ನು ಒಂದೇ ಸಂಜೆಯಲ್ಲಿ ಮುಗಿಸಿತು. ಮೊದಲು ಅದು ಬಸ್ಸು, ಆಮೇಲೆ ಆಸ್ಪತ್ರೆ. ಮೂರನೆಯ ದಿನ ಚಪ್ಪಟೆಯಾಗಿ, ಜಗಲಿಯಿಂದ ಜಾರುವ ಹಲಗೆ.

ಹದಿಮೂರು ದಾಟಿದವರಿಗೆ ಈ ಕೋಣೆ ಆಗಿಬರಲಿಲ್ಲ. ಅವರಿಗೆ ಯಾರಿಗೂ ಕಾಣದ ಜಾಗ ಬೇಕು, ನಮ್ಮ ಕೋಣೆಯಲ್ಲಿ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಅವರು ಇನ್ನೂ ಮೆಟ್ಟಿಲ ಮೇಲೇ ಇದ್ದಾರೆ. ಅವರಿಗೆ ಏನು ಮಾಡುವುದೆಂದು ನನಗೆ ಹೊಳೆದಿಲ್ಲ. ಅದಕ್ಕೆ ಇನ್ನೊಂದು ಮಳೆಗಾಲ ಕೂರಬೇಕು.

ಬೋರ್ಡು ದಸರಾ ಮುಗಿಯುವ ಹೊತ್ತಿಗೆ ಹೋಯಿತು. ಬಾಗಿಲಲ್ಲಿ ಅದರ ನಾಲ್ಕು ಸ್ಕ್ರೂ ತೂತು ಹಾಗೇ ಇವೆ.

ನವೆಂಬರ್ 4, ಸಂಜೆ 5.15. ಹಿಂಗಾರು ಮಳೆ. ಹದಿನೇಳು ಮಕ್ಕಳು. ಹುಡುಗಿಯರು ಮೇಲಿನ ಹಂತದಲ್ಲಿ. ಹಳದಿ ಅಂಗಿ ಎರಡನೆಯ ಹಂತದಲ್ಲಿ ನಿಂತು, ಕಟಾಂಜನದ ಕಡ್ಡಿಗಳನ್ನು ಎರಡು ಕೈಯಲ್ಲಿ ಹಿಡಿದು, ಮೂಗನ್ನು ಸಂದಿಗೆ ಇಟ್ಟಿದೆ. ಅದಕ್ಕೂ ಮಣೆಗೂ ಈಗ ಒಂದು ಮೊಳ ಅಂತರ.

ನವೆಂಬರ್ 6. ಅದೇ ಜಾಗ, ಮೂವತ್ತೆಂಟು ನಿಮಿಷ. ಮೊದಲ ಹಂತದಲ್ಲಿ ಗೋಲಿಯ ಹೆಣ್ಣುಮಗು, ಈಗ ಗಟ್ಟಿಯಾಗಿ ನಡೆಯುತ್ತದೆ, ಹಳದಿ ಅಂಗಿಯ ಬೆನ್ನನ್ನು ನೋಡುತ್ತ ನಿಂತಿದೆ.

ನವೆಂಬರ್ 13. ಹಿರಿಯ ಹುಡುಗಿ ಬಡಗಿಯಿಂದ ಏನನ್ನೋ ಮಾಡಿಸಿಕೊಂಡು ಬಂದಿದ್ದಾಳೆ. ಕರಟದ ನಾಲ್ಕು ಬಿಲ್ಲೆ, ಒಂದೊಂದೂ ನನ್ನ ಅಂಗೈಯ ಅರ್ಧದಷ್ಟು, ಅಂಚು ಉಜ್ಜಿ ನಯ ಮಾಡಿದ್ದು. ಒಂದು ಮೈ ಕಪ್ಪು, ಒಂದು ಮೈ ಕಂದು. ನಾನು ಹೇಳಿದ್ದಲ್ಲ. ಅವಳಿಗೆ ಯಾರೂ ಹೇಳಿಲ್ಲ. ಚೌಕಾಬಾರದ ಮನೆಯನ್ನು ಇವತ್ತು ಎರಡನೆಯ ಹಂತದ ಮೇಲೆ, ದೊಡ್ಡದಾಗಿ, ಸೀಮೆಸುಣ್ಣದಲ್ಲಿ ಬರೆದಿದ್ದಾಳೆ. ಕಾಯಿಗಳಿಗೆ ಚನ್ನಪಟ್ಟಣದ ಮರದ ತುಂಡು.

5.48. “ಪುಟ್ಟಾ, ಬಾ, ನೀನ್ ಹಾಕು. ಇವ್ನು ಆಟಕ್ಕುಂಟು, ಆಯ್ತಾ?” ಉಳಿದಿಬ್ಬರು ಆಯ್ತು ಎಂದರು.

5.49. ಹಳದಿ ಅಂಗಿ ನಾಲ್ಕು ಬಿಲ್ಲೆಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿತು. ಎಸೆಯಲಿಲ್ಲ. ಹುಡುಗಿಯರು ಕಾದರು. ಇಷ್ಟು ದಿನ ನೋಡಿದ್ದರಲ್ಲಿ ಅವರು ಅಷ್ಟು ಹೊತ್ತು ಯಾರಿಗೂ ಕಾದಿರಲಿಲ್ಲ. ಮಗು ಕೈ ಎತ್ತಿ, ಕಣ್ಣು ಮುಚ್ಚಿ, ಬಿಟ್ಟಿತು. ಒಂದು ಬಿಲ್ಲೆ ಚಕ್ರದ ಹಾಗೆ ಅಂಚಿನವರೆಗೂ ಉರುಳಿ ಹೋಗಿ ನಿಂತು ಬಿತ್ತು. ನಾಲ್ಕೂ ಬೋರಲು.

“ಬಾರಾ!” ಎಂದು ಕಿರುಚಿದ್ದು ಯಾರೆಂದು ಬರೆದುಕೊಳ್ಳಲಾಗಲಿಲ್ಲ. ಎಂಟು ಮನೆ. ಹಿರಿಯಳ ಕಾಯಿ ಎಂಟು ಮನೆ ನಡೆದರೆ ನಡುವಣದವಳ ಕಾಯಿ ಕಡಿದುಹೋಗುತ್ತದೆ.

“ಲೆಕ್ಕಕ್ಕಿಲ್ಲ ಅಂತ ನೀನೇ ಹೇಳಿದ್ದಲ್ವಾ!”

“ಅವ್ನ ಲೆಕ್ಕಕ್ಕಿಲ್ಲ. ಬಾರಾ ಬಿದ್ರೆ ಬಾರಾನೇ.”

“ಹಾಗೆಲ್ಲ ಇಲ್ಲ. ಅಜ್ಜೀ, ನೀವ್ ಹೇಳಿ.”

ನಾನು ಕುರ್ಚಿಯ ಹಾಗೆ ಕೂತೇ ಇದ್ದೆ. 6.10ಕ್ಕೂ ಜಗಳ ನಡೆದಿತ್ತು. ಕೆಳಗಿನ ಹಂತದಿಂದ ಗೋಲಿಯ ಮಗು, ಉರುಳಿ ಬಂದಿದ್ದ ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಇಟ್ಟು ನೋಡಿತು. ಹಿಡಿಸಲಿಲ್ಲ. ಎಸೆಯಿತು.